ಮರುಭೂಮಿ ವಾಯುಪಡೆಯ ನೆಲಸಿಬ್ಬಂದಿ

ಮರುಭೂಮಿ ವಾಯುಪಡೆಯ ನೆಲಸಿಬ್ಬಂದಿ ಎಂದರೆ ಎರಡನೆಯ ಮಹಾಯುದ್ಧದಲ್ಲಿ ಈಜಿಪ್ಟ್ ಮತ್ತು ಲಿಬಿಯಾಗಳ ತಾತ್ಕಾಲಿಕ ನೆಲೆಗಳಿಂದ ಬ್ರಿಟನ್ ಹಾಗೂ ಮಿತ್ರರಾಷ್ಟ್ರಗಳ ಯುದ್ಧವಿಮಾನಗಳನ್ನು ಹಾರಾಟಕ್ಕೆ ಸಜ್ಜುಗೊಳಿಸುತ್ತಿದ್ದ ಮೆಕ್ಯಾನಿಕ್‌ಗಳು, ಶಸ್ತ್ರ ಜೋಡಿಸುವವರು, ವೈರ್‌ಲೆಸ್ ತಂತ್ರಜ್ಞರು, ಚಾಲಕರು ಮತ್ತು ಅಡುಗೆಯವರು.

ಪರಿಸರ ಮತ್ತು ದುರಸ್ತಿ

ಇಲ್ಲಿನ ಹೆಚ್ಚಿನ ನೆಲೆಗಳು ಕಲ್ಲುಗಳನ್ನು ತೆಗೆದು ಸಮತಟ್ಟುಗೊಳಿಸಿದ ಬಯಲುಗಳಷ್ಟೆ. ದುರಸ್ತಿ ಕಾರ್ಯ ಬಿಸಿಲು, ಧೂಳುಗಳ ನಡುವೆಯೇ ನಡೆಯುತ್ತಿತ್ತು. ಎಂಜಿನ್ನಿನೊಳಗೆ ಹೊಕ್ಕ ಮರಳು ಎಣ್ಣೆಯೊಡನೆ ಬೆರೆತು ಸಿಲಿಂಡರುಗಳನ್ನು ಸವೆಸುತ್ತಿತ್ತು. ಇದನ್ನು ತಡೆಯಲು ಹರಿಕೇನ್ ಮತ್ತು ಸ್ಪಿಟ್‌ಫೈರ್ ವಿಮಾನಗಳಿಗೆ ಗಾಳಿ ಸೋಸುವ ಫಿಲ್ಟರುಗಳನ್ನು ಅಳವಡಿಸಲಾಯಿತು. ಇದರಿಂದ ವಿಮಾನದ ವೇಗ ಕುಗ್ಗಿದರೂ ಎಂಜಿನ್ ಹೆಚ್ಚು ಕಾಲ ಬಾಳುತ್ತಿತ್ತು. ಕೆಟ್ಟುನಿಂತ ವಿಮಾನಗಳನ್ನು ಮರಳುಗಾಡಿನಿಂದ ಲಾರಿಗಳಲ್ಲಿ ಹೊತ್ತು ತರಲು ಪ್ರತ್ಯೇಕ ದುರಸ್ತಿ ಘಟಕಗಳಿದ್ದವು.

ಇಂಧನ

ಆರಂಭದಲ್ಲಿ ಪೆಟ್ರೋಲು ಸುಮಾರು 18 ಲೀಟರಿನ ತೆಳು ತಗಡಿನ ಡಬ್ಬಗಳಲ್ಲಿ ಬರುತ್ತಿತ್ತು. ಸಾಗಣೆಯಲ್ಲಿ ಅವು ಸೋರಿ ಬಹಳಷ್ಟು ಇಂಧನ ವ್ಯರ್ಥವಾಗುತ್ತಿತ್ತು. ಮುಂದೆ ಜರ್ಮನ್ ವಿನ್ಯಾಸದ ಗಟ್ಟಿಯಾದ ಜೆರ್ರಿಕ್ಯಾನ್‌ಗಳು ಅವುಗಳ ಸ್ಥಾನವನ್ನು ಪಡೆದವು.

ಸ್ಥಳಾಂತರ

ಸೇನೆ ಮುನ್ನಡೆದಂತೆ ನೆಲೆಯೂ ಮುಂದಕ್ಕೆ ಸಾಗಬೇಕಿತ್ತು. ಇದಕ್ಕಾಗಿ ಸ್ಕ್ವಾಡ್ರನ್ನಿನ ಸಿಬ್ಬಂದಿಯನ್ನು ಎರಡು ತಂಡಗಳಾಗಿ ವಿಂಗಡಿಸಲಾಗುತ್ತಿತ್ತು. ಒಂದು ತಂಡ ಮುಂದಿನ ನೆಲೆಗೆ ಹೋಗಿ ವಿಮಾನಗಳನ್ನು ಬರಮಾಡಿಕೊಳ್ಳಲು ಸಿದ್ಧವಾಗುತ್ತಿತ್ತು. ಇನ್ನೊಂದು ತಂಡ ಹಿಂದೆ ಉಳಿದು, ಅವು ಹೊರಡುವವರೆಗೆ ಹಾರಾಟ ನಿಲ್ಲದಂತೆ ನೋಡಿಕೊಳ್ಳುತ್ತಿತ್ತು. ಶತ್ರುಸೇನೆ ತೆರವುಗೊಳಿಸಿದ ನೆಲೆಗಳಲ್ಲಿ ನೆಲಬಾಂಬುಗಳ ಅಪಾಯವಿತ್ತು. 1942ರ ನವೆಂಬರಿನಲ್ಲಿ ಎಲ್ ಅಲಮೇನ್ ಕದನ ಮುಗಿದ ಮೇಲೆ 1943ರ ಜನವರಿ 23ರಂದು ಟ್ರಿಪೋಲಿ ವಶವಾಗುವವರೆಗೆ ಸೇನೆಗೆ ವಿಮಾನಗಳ ಬೆಂಬಲ ದೊರೆಯುವಲ್ಲಿ ಈ ವ್ಯವಸ್ಥೆಯ ಪಾತ್ರ ಮುಖ್ಯವಾಗಿತ್ತು.