ಬಗ್ಗಡ, ತಿಳಿ, ಬಣ್ಣ: ತರೀಕೆರೆ ಸೀಮೆಯ ನೀರಿನ ಅರಿವು

ತರೀಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಪೂರ್ವಕ್ಕೆ ಅಜ್ಜಂಪುರ, ಕಡೂರುಗಳ ಬಯಲು. ಪಶ್ಚಿಮಕ್ಕೆ ಭದ್ರೆಯ ಕಾಡು. ಈ ಎರಡರ ನಡುವೆ ನೀರಿನ ಸ್ವಭಾವವೂ ಎರಡು ಬಗೆಯದು. ಬಯಲಿನ ಕೆರೆಗೆ ಮಳೆನೀರು ಮಣ್ಣನ್ನು ಹೊತ್ತು ತರುತ್ತದೆ. ಕಾಡಿನ ಹಳ್ಳಕ್ಕೆ ಕೊಳೆತ ಎಲೆಯ ಸಾರವನ್ನು ಇಳಿಸುತ್ತದೆ. ಮೊದಲನೆಯದು ತೇಲುತ್ತದೆ, ಎರಡನೆಯದು ಕರಗುತ್ತದೆ. ಈ ಭೇದವನ್ನು ಜನಪದವೂ ವಿಜ್ಞಾನವೂ ಹೇಗೆ ಅರಿತವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಡಕೆಯ ಒಳಮೈಗೆ ಚಿಲ್ಲದ ಬೀಜವನ್ನು ತೇಯ್ದು ನೀರು ತಿಳಿಗೊಳಿಸುವುದು ನಮ್ಮ ಹಳೆಯ ಪದ್ಧತಿ. ಸುಶ್ರುತ ಸಂಹಿತೆಯು ನೀರನ್ನು ತಿಳಿಗೊಳಿಸುವ ಏಳು ದ್ರವ್ಯಗಳಲ್ಲಿ ಇದನ್ನು ಕತಕವೆಂದು ಹೆಸರಿಸಿದೆ. ಬೀಜದಲ್ಲಿನ ಸಸಾರಜನಕ ಮುಂತಾದ ಅಂಶಗಳು ಮಣ್ಣಿನ ಕಣಗಳನ್ನು ಒಗ್ಗೂಡಿಸಿ ತಳಕ್ಕಿಳಿಸುತ್ತವೆ. ಆದರೆ ಎಲೆಯಿಂದಿಳಿದ ಬಣ್ಣವನ್ನು ಅದು ಪೂರ್ತಿಯಾಗಿ ತೆಗೆಯಲಾರದು. ಬಗ್ಗಡ, ಕದಡು, ರಾಡಿ ಎಂಬ ಮಾತುಗಳು ಮುಖ್ಯವಾಗಿ ತೇಲುವ ಮಣ್ಣನ್ನೇ ಸೂಚಿಸುತ್ತವೆ. ಕರಗಿದ್ದನ್ನು ಗುರುತಿಸಲು ಬಣ್ಣ, ವಾಸನೆ, ಒಗರುಗಳೇ ಆಧಾರವಾಗಿದ್ದವು.

ಯೂರೋಪಿನಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1806ರಲ್ಲಿ ಪೋರ್ಲಾ ಎಂಬಲ್ಲಿನ ಚಿಲುಮೆಯ ಕಂದುನೀರನ್ನು ವಿಶ್ಲೇಷಿಸಿದನು. ಮುಂದೆ 1830ರ ದಶಕದಲ್ಲಿ ಅದರೊಳಗಿನ ಆಮ್ಲಕ್ಕೆ ಚಿಲುಮೆಯೆಂಬ ಅರ್ಥದ ಗ್ರೀಕ್ ಪದದಿಂದ ಕ್ರೆನಿಕ್ ಆಮ್ಲವೆಂದು ಹೆಸರಿಟ್ಟನು. ಇಂದು ಸಾಮಾನ್ಯವಾಗಿ 0.45 ಮೈಕ್ರಾನ್ ರಂಧ್ರದ ಸೋಸುಪೊರೆಯನ್ನು ದಾಟುವ ಇಂಥ ಅಂಶಗಳನ್ನು ಕರಗಿದ ಸಾವಯವ ದ್ರವ್ಯವೆಂದು ಪರಿಗಣಿಸುತ್ತಾರೆ. ಹ್ಯೂಮಿಕ್, ಫಲ್ವಿಕ್ ಆಮ್ಲಗಳು ಇದರಲ್ಲಿ ಸೇರಿವೆ.

ಇದು ಕೇವಲ ಬಣ್ಣದ ಪ್ರಶ್ನೆಯಲ್ಲ. ನೀರಿಗೆ ಬೆರೆಸಿದ ಕ್ಲೋರಿನ್ ಈ ದ್ರವ್ಯದೊಡನೆ ವರ್ತಿಸಿ ಕ್ಲೋರೋಫಾರ್ಮಿನಂಥ ಸಂಯುಕ್ತಗಳನ್ನು ಉಂಟುಮಾಡುತ್ತದೆಂದು ನೆದರ್‌ಲ್ಯಾಂಡಿನ ಯೋಹಾನೆಸ್ ರೂಕ್ 1974ರಲ್ಲಿ ತೋರಿಸಿದನು. ಕಣ್ಣಿಗೆ ತಿಳಿಯಾದುದೆಲ್ಲ ನಿರಪಾಯವಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ತರೀಕೆರೆ ಸೀಮೆಗೆ ಈ ಮಾತು ಅನ್ವಯಿಸುವುದು ಲಕ್ಕವಳ್ಳಿಯಲ್ಲಿ. 1965ರ ವೇಳೆಗೆ ಪೂರ್ಣಗೊಂಡ, 186 ಅಡಿ ಮಟ್ಟದ ಭದ್ರಾ ಜಲಾಶಯವು ತೇಗ ಮೊದಲಾದ ಎಲೆಯುದುರುವ ಮರಗಳ ಕಾಡಿಗೆ ಹೊಂದಿಕೊಂಡಿದೆ. ಬೇಸಿಗೆಯಲ್ಲಿ ಬಿದ್ದ ತರಗೆಲೆಯ ಸಾರವನ್ನು ಮುಂಗಾರಿನ ಮೊದಲ ಮಳೆಗಳು ತೊಳೆದು ತರುತ್ತವೆ. ಅಲ್ಲಿನ ನೀರಿನ ಅಧ್ಯಯನವು ಋತುಮಾನವನ್ನು ಬಿಟ್ಟು ನಡೆಯಲಾಗದು.

ಋತುಮಾನದೊಡನೆ ನೀರನ್ನು ಅರಿತವರು ಕಾಡಿನ ಹಳ್ಳಗಳ ದಡದಲ್ಲಿ ಬದುಕಿದವರು. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ಹಲವು ಕುಟುಂಬಗಳು 2001–02ರ ಸುಮಾರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಸ್ಥಳಾಂತರಗೊಂಡವು. ಊರು ಬದಲಾದಾಗ ಕುಡಿಯುವ ನೀರೂ ಬದಲಾಗುತ್ತದೆ. ಹಳೆಯ ನೀರನ್ನು ಕುರಿತ ಮಾತುಗಳು ಬಳಕೆಯಿಂದ ಜಾರುತ್ತವೆ. ಯಾವ ಮಳೆಗೆ ಯಾವ ಹಳ್ಳ ಬಣ್ಣ ತಿರುಗುತ್ತಿತ್ತು, ಯಾವ ನೀರನ್ನು ಅಡುಗೆಗೆ ಬಿಡುತ್ತಿದ್ದರು ಎಂಬ ನೆನಪುಗಳು ಮಾಪನಕ್ಕೆ ಮೊದಲಿನ ಕಾಲದ ದಾಖಲೆಗಳಾಗಬಲ್ಲವು. ಹಿರಿಯ ತಲೆಮಾರು ಇರುವಾಗಲೇ ಅವನ್ನು ಸಂಗ್ರಹಿಸಿ ಪ್ರಯೋಗಾಲಯದ ಅಂಕಿಗಳ ಪಕ್ಕದಲ್ಲಿರಿಸುವುದು ಜಾನಪದ ಅಧ್ಯಯನದ ಹೊಣೆಯಾಗಿದೆ.