ಬಿಲಿಯನ್ ಎಂದರೆ ಎಷ್ಟು ಸೊನ್ನೆ?

ಬಾವಿ ನೀರಿನ ಪರೀಕ್ಷಾ ವರದಿಯಲ್ಲಿ ‘ಆರ್ಸೆನಿಕ್ 10 ಪಿಪಿಬಿ’ ಎಂದು ಬರೆದಿದೆ ಎನ್ನಿ. ಪಿಪಿಬಿ ಎಂದರೆ ಒಂದು ಬಿಲಿಯನ್ ಭಾಗ ನೀರಿನಲ್ಲಿ ಇಷ್ಟು ಭಾಗ ಎಂದರ್ಥ. ಇಂಗ್ಲಿಷಿನಲ್ಲಿ ಬಿಲಿಯನ್ ಈಗ ನೂರು ಕೋಟಿ. ಆ ಲೆಕ್ಕದಲ್ಲಿ ಇದು ಲೀಟರಿಗೆ 10 ಮೈಕ್ರೋಗ್ರಾಮ್. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿಯೂ ಇಷ್ಟೇ. ಆದರೆ ಜರ್ಮನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಬಿಲಿಯನ್ ಎಂದರೆ ಲಕ್ಷ ಕೋಟಿ! ಆ ಅರ್ಥದಲ್ಲಿ ಓದಿದವರ ಪಾಲಿಗೆ ವಿಷದ ಪ್ರಮಾಣ ಸಾವಿರ ಪಟ್ಟು ಇಳಿದುಬಿಡುತ್ತದೆ.

ಈ ಗೊಂದಲದ ಮೂಲ ಫ್ರಾನ್ಸ್. 1484ರಲ್ಲಿ ನಿಕೊಲಾ ಶ್ಯೂಕೆ ಎಂಬ ಗಣಿತಜ್ಞ ದೊಡ್ಡ ಸಂಖ್ಯೆಗಳನ್ನು ಆರಾರು ಅಂಕಿಗಳ ಗುಂಪುಗಳಾಗಿ ಬೇರ್ಪಡಿಸಿ ಹೆಸರಿಟ್ಟ. ‘ಬಿ’ ಎಂದರೆ ಎರಡು. ಮಿಲಿಯನ್ನನ್ನು ಮಿಲಿಯನ್ನಿನಿಂದ ಗುಣಿಸಿದರೆ ಬಿಲಿಯನ್. 1ರ ಮುಂದೆ 12 ಸೊನ್ನೆ. ಹೆಸರಿಗೂ ಲೆಕ್ಕಕ್ಕೂ ಸೊಗಸಾದ ಹೊಂದಾಣಿಕೆ. ಮುಂದೆ ಫ್ರಾನ್ಸಿನಲ್ಲೇ ಕೆಲವರು ಮೂರು ಮೂರು ಅಂಕಿಗಳ ಗುಂಪು ಮಾಡತೊಡಗಿದರು. ಆಗ ಬಿಲಿಯನ್ನಿಗೆ ಉಳಿದದ್ದು 9 ಸೊನ್ನೆ ಮಾತ್ರ. ಈ ಹೊಸ ರೂಢಿಯನ್ನು ಅಮೆರಿಕ ಹಿಡಿದುಕೊಂಡಿತು. ಬ್ರಿಟನ್ ಹಳೆಯದನ್ನೇ ಉಳಿಸಿಕೊಂಡಿತು. ತಮಾಷೆಯೆಂದರೆ, 1961ರಲ್ಲಿ ಫ್ರಾನ್ಸ್ ಅಧಿಕೃತವಾಗಿ ಹಳೆಯ ಅರ್ಥಕ್ಕೆ ಮರಳಿತು. 1974ರಲ್ಲಿ ಬ್ರಿಟನ್ ಸರ್ಕಾರ ಅಮೆರಿಕದ ಅರ್ಥಕ್ಕೆ ಬದಲಾಯಿತು. ಹೀಗೆ ಎರಡು ನೆರೆಹೊರೆಯ ದೇಶಗಳು ಜಾಗ ಅದಲುಬದಲು ಮಾಡಿಕೊಂಡವು! ಹಳೆಯ ಬ್ರಿಟಿಷ್ ಪುಸ್ತಕಗಳನ್ನು ಕನ್ನಡಕ್ಕೆ ತರುವವರು ಇದನ್ನು ಗಮನಿಸಲೇಬೇಕು.

ಒಂದೇ ಭಾಷೆಯೊಳಗೂ ಒಮ್ಮತವಿಲ್ಲ. ಪೋರ್ಚುಗೀಸರ ಬಿಲಿಯನ್ನಿಗೆ 12 ಸೊನ್ನೆಯಾದರೆ, ಅದೇ ಭಾಷೆಯಾಡುವ ಬ್ರೆಜಿಲ್‌ನವರದ್ದಕ್ಕೆ 9.

ಅರ್ಥ ಭಾಷೆಯಿಂದ ಭಾಷೆಗೆ ಬದಲಾಗುವುದರಿಂದಲೇ ಪಿಪಿಬಿ ಬಳಸದಿರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಕಚೇರಿ ತನ್ನ ಕೈಪಿಡಿಯಲ್ಲಿ ಹೇಳುತ್ತದೆ. ಲೀಟರಿಗೆ ಇಷ್ಟು ಮೈಕ್ರೋಗ್ರಾಮ್ ಎಂದು ಬರೆದುಬಿಟ್ಟರೆ ತೀರಿತು. ಗಿಗಾ, ಟೆರಾ ಎಂಬ ಪೂರ್ವಪ್ರತ್ಯಯಗಳಿಗೂ ಎಲ್ಲ ಭಾಷೆಗಳಲ್ಲಿ ಒಂದೇ ಬೆಲೆ.

ನಮ್ಮ ಕೋಟಿಗೆ ಇಂಥ ತೊಡಕಿಲ್ಲ ಎಂದು ಬೀಗುವಂತಿಲ್ಲ. ಸಂಸ್ಕೃತದ ‘ಕೋಟಿ’ ಹಿಂದಿಯಲ್ಲಿ ‘ಕರೋಡ್’ ಆಗಿ, ಪರ್ಷಿಯನ್ನಿಗೆ ದಾಟಿ ‘ಕುರೂರ್’ ಆಯಿತು. ಇರಾನಿನಲ್ಲಿ ಅದರ ಬೆಲೆ ಬರೀ 5 ಲಕ್ಷ. ರಷ್ಯಾದೆದುರು ಯುದ್ಧದಲ್ಲಿ ಸೋತ ಇರಾನ್ 1828ರ ತುರ್ಕ್‌ಮನ್‌ಚಾಯ್ ಒಪ್ಪಂದದಂತೆ ತೆರಬೇಕಾಗಿದ್ದ ಹಣ 10 ಕುರೂರ್ ತೊಮಾನ್. ಅದು 10 ಕೋಟಿಯಲ್ಲ, 50 ಲಕ್ಷ.