ಸಭೆ, ಸಂಘ, ಅಧ್ಯಕ್ಷ: ಅನಂತಪುರ ಗಡಿಸೀಮೆಯಲ್ಲಿ ಕ್ರೈಸ್ತ ಐಕ್ಯ

ಕಂಬದೂರು, ಕಲ್ಯಾಣದುರ್ಗ, ಹಿಂದೂಪುರಗಳ ಸೀಮೆಯು ಕನ್ನಡ ಮತ್ತು ತೆಲುಗುಗಳೆರಡೂ ಮನೆಮಾತಾಗಿರುವ ನೆಲ. 1882ರಲ್ಲಿ ಅನಂತಪುರ ಜಿಲ್ಲೆ ಪ್ರತ್ಯೇಕವಾಗುವವರೆಗೆ ಇದರ ಬಹುಭಾಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಇಲ್ಲಿಯ ಪ್ರಾಟೆಸ್ಟಂಟ್ ಕ್ರೈಸ್ತರ ಚರಿತ್ರೆಯೂ ಬಳ್ಳಾರಿಯಿಂದಲೇ ಆರಂಭವಾಗುತ್ತದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ತೊಡಗಿದನು. ಮುಂದೆ ಅದರ ಪರಿಷ್ಕರಣದ ಹೊಣೆಯನ್ನು ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಹೊತ್ತರು. ಸಭೆಗಳು ಒಂದಾಗುವುದಕ್ಕೆ ಬಹಳ ಮುಂಚೆಯೇ ಭಿನ್ನ ಪಂಗಡಗಳಿಗೆ ಒಂದೇ ಕನ್ನಡ ಗ್ರಂಥವಿತ್ತು. ಆದರೆ ಒಂದೇ ಗ್ರಂಥವನ್ನು ಓದುವುದು ಬೇರೆ, ಒಂದೇ ಆಡಳಿತಕ್ಕೆ ಒಳಪಡುವುದು ಬೇರೆ. ಈ ಎರಡರ ನಡುವಣ ದೂರವನ್ನು ಅನಂತಪುರ–ಕರ್ನೂಲು ಪ್ರದೇಶದ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನಗಳು ವಿರಳ.

ಮಿಷನ್ನುಗಳು ಪರಸ್ಪರ ಒಪ್ಪಂದದಿಂದ ಕ್ಷೇತ್ರಗಳನ್ನು ಹಂಚಿಕೊಂಡಿದ್ದವು. ಒಬ್ಬರ ಕ್ಷೇತ್ರದಲ್ಲಿ ಇನ್ನೊಬ್ಬರು ಕೈಹಾಕುವಂತಿರಲಿಲ್ಲ. ಅನಂತಪುರ, ಗುತ್ತಿ, ಕಡಪಗಳಲ್ಲಿ ಲಂಡನ್ ಮಿಷನ್ನಿನ ಕಾಂಗ್ರಿಗೇಷನಲ್ ಪಂಥ ಬೇರೂರಿತು. ನಂದ್ಯಾಲದ ಕಡೆ ಎಸ್.ಪಿ.ಜಿ. ಎಂಬ ಸಂಕ್ಷಿಪ್ತ ಹೆಸರಿನ ಆಂಗ್ಲಿಕನ್ ಮಿಷನ್ ನೆಲೆಯೂರಿತು. ಹೀಗಾಗಿ ಗ್ರಾಮದ ಒಬ್ಬ ಕ್ರೈಸ್ತನ ಪಂಥವನ್ನು ನಿರ್ಧರಿಸಿದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಅವನ ಊರು. ಆದರೂ ಕಾಲಕ್ರಮದಲ್ಲಿ ಭೂಗೋಲದ ಈ ಆಕಸ್ಮಿಕವೇ ಆಚಾರವಾಗಿ ಗಟ್ಟಿಗೊಂಡಿತು. ಒಂದು ಕಡೆ ಬಿಷಪ್ಪರಿಲ್ಲದ ಸಭಾಡಳಿತ, ಬಾಯಿಂದ ಬಂದಂತೆ ಮಾಡುವ ಪ್ರಾರ್ಥನೆ. ಇನ್ನೊಂದು ಕಡೆ ಬಿಷಪ್ಪರ ದೀಕ್ಷೆ, ಅಚ್ಚಾದ ಪ್ರಾರ್ಥನಾ ಪುಸ್ತಕ.

ಲಂಡನ್ ಮಿಷನ್ನಿನ ಸಭೆಗಳು 1908ರಲ್ಲಿ ಪ್ರೆಸ್ಬಿಟೇರಿಯನ್ನರೊಡನೆ ಕೂಡಿ ದಕ್ಷಿಣ ಭಾರತ ಸಂಯುಕ್ತ ಸಭೆಯಾದವು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಸೇರಿದ 33 ಮಂದಿ, ಆ ಸಭೆಗೂ ಆಂಗ್ಲಿಕನ್ನರಿಗೂ ಐಕ್ಯವಾಗಬೇಕೆಂದು ಕರೆಯಿತ್ತರು. ಅವರಲ್ಲಿ ಹೆಚ್ಚಿನವರು ಭಾರತೀಯರು; ದೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯ ಅವರಲ್ಲಿ ಪ್ರಮುಖರು. ತಾವು ಹುಟ್ಟುಹಾಕದ ಒಡಕುಗಳನ್ನು ಹೊರದೇಶದಿಂದ ಬಂದ ಕಾರಣಕ್ಕೆ ಹೊತ್ತು ತಿರುಗಬೇಕಾಗಿದೆ ಎಂಬುದು ಅವರ ಆಕ್ಷೇಪವಾಗಿತ್ತು. 1925ರಲ್ಲಿ ಮೆಥಡಿಸ್ಟರೂ ಮಾತುಕತೆಗೆ ಸೇರಿದರು.

ಮಾತುಕತೆ 28 ವರ್ಷ ಹಿಡಿಯಿತು. ತೊಡಕಾಗಿದ್ದುದು ಬಿಷಪ್ ಪದವಿ. ಬಿಷಪ್ಪರ ಹಸ್ತಸ್ಪರ್ಶವಿಲ್ಲದೆ ದೀಕ್ಷೆ ಪಡೆದವರನ್ನು ಪೂರ್ಣ ಪಾದ್ರಿಗಳೆಂದು ಒಪ್ಪಬಹುದೆ? ಒಪ್ಪದೆ ಮರುದೀಕ್ಷೆ ಕೇಳಿದರೆ, ಅಲ್ಲಿಯವರೆಗಿನ ಅವರ ಸೇವೆಯನ್ನೇ ಅಲ್ಲಗಳೆದಂತಾಗುತ್ತಿತ್ತು. ಕೊನೆಗೆ ಕಂಡುಕೊಂಡ ಪರಿಹಾರ ಹೀಗಿತ್ತು: ಐಕ್ಯದ ದಿನ ಇರುವ ಎಲ್ಲ ಪಾದ್ರಿಗಳನ್ನೂ ಮರುದೀಕ್ಷೆಯಿಲ್ಲದೆ ಒಪ್ಪಿಕೊಳ್ಳುವುದು, ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ಆಗುವುದು, ಬಿಷಪ್ ಪದವಿ ಸಂವಿಧಾನಕ್ಕೆ ಬದ್ಧವಾಗಿರುವುದು, ಆ ಪದವಿಯ ಬಗ್ಗೆ ಯಾವೊಂದು ವ್ಯಾಖ್ಯಾನವನ್ನೂ ಕಡ್ಡಾಯಗೊಳಿಸದಿರುವುದು.

ಈ ಚರ್ಚೆ ನಡೆದದ್ದು ಮುಖ್ಯವಾಗಿ ಇಂಗ್ಲಿಷಿನಲ್ಲಿ. ದೇಶಭಾಷೆಗಳ ಬೈಬಲಿನ ಕಡೆಯಿಂದ ನೋಡಿದರೆ ಅದಕ್ಕೆ ಇನ್ನೊಂದು ಮುಖ ಕಾಣುತ್ತದೆ. ಬಿಷಪ್ ಪದದ ಗ್ರೀಕ್ ಮೂಲಕ್ಕೆ ಮೇಲ್ವಿಚಾರಕ ಎಂದರ್ಥ. ಪ್ರಚಲಿತ ಕನ್ನಡ ಅನುವಾದದಲ್ಲಿ ಅದು ‘ಸಭಾಧ್ಯಕ್ಷ’, ತೆಲುಗಿನಲ್ಲಿ ‘ಅಧ್ಯಕ್ಷುಡು’. ಸಭೆಯ ಮುಂದೆ ಕುಳಿತು ಅದರ ನಿಯಮದಂತೆ ನಡೆಸುವವನು ಎಂಬ ಅರ್ಥವೇ ಈ ಮಾತುಗಳಲ್ಲಿ ಮೊದಲು ಕೇಳಿಸುವುದು. ಪರಂಪರೆಯಿಂದ ಬಂದ ಪ್ರಭುತ್ವ ಧ್ವನಿಸುವುದಿಲ್ಲ. ಸಂವಿಧಾನಬದ್ಧ ಬಿಷಪ್ ಎಂಬ ಸೂತ್ರಕ್ಕೆ ಬೇಕಾದ ಅರ್ಥ ನಮ್ಮ ಭಾಷೆಗಳ ಪದದಲ್ಲಿ ಮೊದಲೇ ಇತ್ತು. ಚರ್ಚ್ ಎಂಬುದಕ್ಕೆ ಕನ್ನಡ ‘ಸಭೆ’ ಎಂದಿತು, ತೆಲುಗು ‘ಸಂಘಮು’ ಎಂದಿತು. ಎರಡೂ ಜನರ ಕೂಟವನ್ನು ಹೇಳುವ ಪದಗಳೇ ಹೊರತು ಕಟ್ಟಡವನ್ನಲ್ಲ.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಇಂಡಿಯಾ ಸಭೆ 14 ಧರ್ಮಪ್ರಾಂತ್ಯಗಳೊಡನೆ ಉದಯವಾಯಿತು. ಅನಂತಪುರ–ಕರ್ನೂಲು ಅವುಗಳಲ್ಲೊಂದು. ಕಾಂಗ್ರಿಗೇಷನಲ್ ಅನಂತಪುರವನ್ನೂ ಆಂಗ್ಲಿಕನ್ ನಂದ್ಯಾಲವನ್ನೂ ಒಂದೇ ಅಧ್ಯಕ್ಷತೆಗೆ ತರುವುದು ಅದರ ಆಶಯ. ಅಲ್ಲಿಯೇ ಐಕ್ಯ ಮುಗ್ಗರಿಸಿತು. ನಂದ್ಯಾಲದ ಆಂಗ್ಲಿಕನ್ನರಲ್ಲಿ ಬಹುಮಂದಿ ಹೊರಗುಳಿದರು. ಹೊಸ ಸಭೆಗೆ ಸೇರಿದವರಿಗೆ ತನ್ನ ಸಾಮಾನ್ಯ ನಿಧಿಯಿಂದ ನೆರವು ನೀಡಲು ಎಸ್.ಪಿ.ಜಿ. ಮುಂದಾಗಲಿಲ್ಲ. ಶಾಲೆಯೂ ಉಪದೇಶಿಯ ಸಂಬಳವೂ ಮಿಷನ್ನಿನ ಹಣವನ್ನೇ ನಂಬಿದ್ದ ಬಡ ಗ್ರಾಮಸಭೆಗಳ ಪಾಲಿಗೆ ಇದು ಬದುಕಿನ ಪ್ರಶ್ನೆ. ಅವರ ಹಿಂಜರಿಕೆಯನ್ನು ಪಂಥಾಭಿಮಾನವೆಂದಷ್ಟೇ ಬಗೆಯುವುದು ಚರಿತ್ರೆಗೆ ನ್ಯಾಯವಲ್ಲ. ಹಾಗೆಯೇ, ಅದನ್ನು ಹಣದ ಲೆಕ್ಕಕ್ಕೆ ಇಳಿಸಿ ಅವರ ಆರಾಧನಾ ನಿಷ್ಠೆಯನ್ನು ಮರೆಯುವುದೂ ಸಲ್ಲದು.

1950ರಲ್ಲಿ ಅನಂತಪುರ–ಕರ್ನೂಲು ಮತ್ತು ಕಡಪಗಳು ಕೂಡಿ ರಾಯಲಸೀಮಾ ಧರ್ಮಪ್ರಾಂತ್ಯವಾಯಿತು. ಅದೇ ವರ್ಷ ಬಳಕೆಗೆ ಬಂದ ಪ್ರಭುಭೋಜನದ ಹೊಸ ಕ್ರಮ ಎರಡೂ ಆರಾಧನಾ ಪದ್ಧತಿಗಳಿಗೆ ಎಡೆಗೊಟ್ಟಿತು: ಅಚ್ಚಾದ ಪಾಠವಿತ್ತು, ಸ್ವಂತ ಮಾತಿನ ಪ್ರಾರ್ಥನೆಗೂ ಅವಕಾಶವಿತ್ತು. ಕೈಯಿಂದ ಕೈಗೆ ಸಮಾಧಾನವನ್ನು ದಾಟಿಸುವ ವಿಧಿ ಕೇರಳದ ಸಿರಿಯನ್ ಪರಂಪರೆಯ ಪ್ರೇರಣೆಯಿಂದ ಬಂದದ್ದು. ಹೊಸಪೇಟೆಯನ್ನು ಹೆಸರಿನಲ್ಲೇ ಹೊತ್ತ ರಾಯಲಸೀಮಾ ಬಿಷಪ್ ಎಚ್. ಸುಮಿತ್ರ 1954ರಲ್ಲಿ ಇಡೀ ದಕ್ಷಿಣ ಇಂಡಿಯಾ ಸಭೆಯ ಮಾಡರೇಟರಾದರು. ನಂದ್ಯಾಲ 1963ರಲ್ಲಿ ಪ್ರತ್ಯೇಕ ಆಂಗ್ಲಿಕನ್ ಧರ್ಮಪ್ರಾಂತ್ಯವಾಯಿತು. ದಕ್ಷಿಣ ಇಂಡಿಯಾ ಸಭೆಯನ್ನು ಸೇರಿದ್ದು 1975ರಲ್ಲಿ. ಮಾತುಕತೆಗೆ ಹಿಡಿದಷ್ಟೇ ಕಾಲ, ಮತ್ತೆ 28 ವರ್ಷ, ಈ ಒಂದು ಮೂಲೆಯ ಐಕ್ಯಕ್ಕೂ ಬೇಕಾಯಿತು.

ಇಷ್ಟರೊಳಗೆ ಇನ್ನೊಂದು ಗೆರೆ ಬಿದ್ದಿತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ಅನಂತಪುರ ಆಂಧ್ರದಲ್ಲಿ ಉಳಿಯಿತು. ರಾಯಲಸೀಮಾ ಧರ್ಮಪ್ರಾಂತ್ಯದ ಪ್ರಧಾನ ಭಾಷೆ ತೆಲುಗು. ಕನ್ನಡ ಬೈಬಲ್ ರೂಪುಗೊಂಡ ಊರು ಗಡಿಯ ಆಚೆ, ಅದರ ಓದುಗರಲ್ಲಿ ಒಂದಷ್ಟು ಮಂದಿ ಈಚೆ. ಕಾಂಗ್ರಿಗೇಷನಲ್–ಆಂಗ್ಲಿಕನ್ ಭೇದಕ್ಕೆ ದೀರ್ಘ ವಿಚಾರಣೆ, ಲಿಖಿತ ಭರವಸೆ, ಕಾಯುವ ತಾಳ್ಮೆ ಎಲ್ಲವೂ ದೊರೆತವು. ಗಡಿಸೀಮೆಯ ಭಾಷಾಭೇದಕ್ಕೆ ಐಕ್ಯದ ಯೋಜನೆಯಲ್ಲಿ ಅಂಥ ವಿಚಾರಣೆಯೇ ನಡೆಯಲಿಲ್ಲ. ಐಕ್ಯದ ಚರಿತ್ರೆಯನ್ನು ಮದರಾಸಿನಿಂದ ಬರೆದರೆ ಅದು 1947ಕ್ಕೆ ಪೂರ್ಣವಾಗುತ್ತದೆ. ನಂದ್ಯಾಲದಿಂದ ಬರೆದರೆ 1975ಕ್ಕೆ. ಕಂಬದೂರಿನ ಕಡೆಯಿಂದ ಬರೆಯಲು ಹೊರಟರೆ, ಸಭೆಗೂ ಸಂಘಕ್ಕೂ ನಡುವಣ ಭಾಷೆಯ ಪ್ರಶ್ನೆಯನ್ನೂ ಅದರೊಳಗೆ ಸೇರಿಸಿಕೊಳ್ಳಬೇಕಾಗುತ್ತದೆ.